ನೀಲಿ ಹೆಬ್ಬೆರಳಿನ ಅಕ್ಕೋರು

ಅಕ್ಕೋರ ಬಲಗೈ ಹೆಬ್ಬೆರಳು ಯಾವಾಗಲೂ ನೀಲಿ. ಉಗುರಿನ ಸಂದಿಯಲ್ಲಿ ಗಾಢವಾಗಿ, ಬೆರಳಿನ ಗೆರೆಗಳಲ್ಲಿ ತಿಳಿಯಾಗಿ ಕಾಣುತ್ತಿದ್ದ ಆ ಬಣ್ಣ ಸ್ಟಾಂಪ್ ಪ್ಯಾಡಿನ ಮಸಿಯದು. ಅವರು ಅಂಗನವಾಡಿಗಳ ಮೇಲ್ವಿಚಾರಕಿ. ಸಹಿ ಬಾರದ ಹೆಂಗಸರಿಂದ ಅರ್ಜಿಗೆ ಹೆಬ್ಬೆಟ್ಟು ಒತ್ತಿಸುವಾಗ ಬೇರೆಯವರ ಹಾಗೆ ಪ್ಯಾಡನ್ನು ಮುಂದಕ್ಕೆ ನೂಕಿ ಸುಮ್ಮನಾಗುತ್ತಿರಲಿಲ್ಲ. ಆಕೆಯ ಬೆರಳನ್ನು ತಮ್ಮ ಬೆರಳಲ್ಲಿ ಹಿಡಿದು, ಮಸಿಗೆ ತಾಗಿಸಿ, ಕೂಸಿಗೆ ಕಾಡಿಗೆ ಹಚ್ಚುವಷ್ಟು ನಿಧಾನವಾಗಿ ಕಾಗದದ ಮೇಲೆ ಹೊರಳಿಸುತ್ತಿದ್ದರು. ಹಾಗೆ ಮಾಡುವಾಗ ಅರ್ಧ ಮಸಿ ಅವರಿಗೇ ಹತ್ತುತ್ತಿತ್ತು.

ನಮ್ಮ ಮನೆಯಲ್ಲಿ ಅವಲಕ್ಕಿ ತಿನ್ನಲು ಕುಳಿತಾಗ ನನ್ನ ಅತ್ತೆಯ ಕಣ್ಣು ಆ ಬೆರಳ ಮೇಲೆಯೇ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟರು: "ಆ ಮಸಿ ತೊಳಕೋಬಾರದೇನ್ರಿ ಅಕ್ಕೋರ?"

"ತೊಳದು ಸಾಕಾಗೈತ್ರಿ. ನನಕಿಂತ ಮೊದಲ ಅದು ಪರ್ಮನೆಂಟ್ ಆಗಿಬಿಟ್ಟೈತಿ," ಎಂದು ಅಕ್ಕೋರು ನಕ್ಕು ಇನ್ನೊಂದು ತುತ್ತು ಬಾಯಿಗೆ ಹಾಕಿಕೊಂಡರು.

ಅವರು ನಮ್ಮ ಮನೆಗೆ ಮೊದಲು ಬಂದದ್ದು ಅವಲಕ್ಕಿ ತಿನ್ನಲು ಅಲ್ಲ. ನಾನು ಬರೆದ ಒಂದು ಪತ್ರವನ್ನು ಕೈಯಲ್ಲಿ ಹಿಡಿದು ಬಂದಿದ್ದರು.

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವಳು ನಾನು. ಮದುವೆಯಾಗಿ ಬ್ಯಾಡಗಿಗೆ ಬಂದಾಗ ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಗಂಡನಿಗೆ ಔಷಧದ ಅಂಗಡಿ, ಮನೆಯಲ್ಲಿ ಅತ್ತೆ, ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ತೊಟ್ಟಿಲಲ್ಲಿ ಹತ್ತು ತಿಂಗಳ ಮಗಳು. ಅಡುಗೆಮನೆಯ ಕಿಟಕಿ ತೆಗೆದರೆ ಹಿಂದಿನ ಮನೆಯ ಹಿತ್ತಲು ಕಾಣುತ್ತಿತ್ತು. ಅಲ್ಲಿ ಫಕ್ಕೀರವ್ವ ಎಂಬ ಹೆಂಗಸೂ ಅವಳ ಮೂರು ವರ್ಷದ ಮಗಳು ರೇಣುಕಾಳೂ ಇದ್ದರು. ಗಂಡ ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ಫಕ್ಕೀರವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಬಿಟ್ಟು ಹೋಗಲು ಯಾರೂ ಇರಲಿಲ್ಲವಾದ್ದರಿಂದ ಮಗಳೂ ಜೊತೆಗೆ.

ಸಂಜೆ ಇಬ್ಬರೂ ತಿರುಗಿ ಬರುವುದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಮಗುವಿನ ಕಣ್ಣು ಕೆಂಪಗೆ ಊದಿರುತ್ತಿದ್ದವು. ಅದು ಅಳುತ್ತ ಓಡಿಬಂದರೆ ತಾಯಿ ಎತ್ತಿಕೊಳ್ಳುತ್ತಿರಲಿಲ್ಲ. ಎರಡೂ ಕೈ ಮೇಲೆತ್ತಿ, ಮೊಣಕೈಯಿಂದ ಅದನ್ನು ಆಚೆ ನೂಕಿ, "ದೂರ ಸರಿ, ದೂರ ಸರಿ" ಎಂದು ಒದರುತ್ತಿದ್ದಳು. ದಿನವೂ ಇದೇ. ಒಂದು ತಲೆ ಸವರಿದ್ದಿಲ್ಲ, ಒಂದು ಕಣ್ಣೀರು ಒರೆಸಿದ್ದಿಲ್ಲ. ಒಂದು ಸಂಜೆ ಆ ಮನೆಯಿಂದ ಮೆಣಸಿನಕಾಯಿ ಸುಟ್ಟ ಘಾಟು ಬಂತು, ಹಿಂದೆಯೇ ಮಗುವಿನ ಕೆಮ್ಮು ಕೇಳಿತು. ಹಟ ಮಾಡುವ ಮಕ್ಕಳಿಗೆ ಖಾರದ ಹೊಗೆ ಹಾಕುವವರ ಕಥೆ ಕೇಳಿದ್ದೆ.

ಮಗುವಿಗೆ ನೋವಾಗುವುದನ್ನು ಕಂಡೂ ಸುಮ್ಮನಿರುವುದು ಪಾಪ ಎಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಹೇಳಿಕೊಟ್ಟಿದ್ದರು. ಹಾವೇರಿಯಲ್ಲಿ ಮಕ್ಕಳ ಕಲ್ಯಾಣಕ್ಕೆಂದೇ ಒಂದು ಸಮಿತಿ ಇದೆಯೆಂದು ಪೇಪರಿನಲ್ಲಿ ಓದಿದ್ದೆ. ಗೆರೆ ಎಳೆದ ಹಾಳೆಯ ಮೇಲೆ ದುಂಡಗೆ ಎರಡು ಪುಟ ಬರೆದೆ. ಕೆಳಗೆ ನನ್ನ ಹೆಸರು ಬರೆದು, ದಯವಿಟ್ಟು ಇದನ್ನು ಗುಟ್ಟಾಗಿಡಿ ಎಂದೂ ಸೇರಿಸಿದೆ.

ಒಂದು ವಾರದಲ್ಲಿ ಸಮಿತಿಯವರ ಜೀಪು ಬಂತು. ವಿಚಾರಣೆ ಮುಗಿಯುವವರೆಗೆ ಮಗು ರಾಣೆಬೆನ್ನೂರಿನ ಒಂದು ಮಕ್ಕಳ ಮನೆಯಲ್ಲಿರಲಿ ಎಂದು ಒಯ್ದರು. ನನ್ನ ಪತ್ರವನ್ನು ನಂಬಿದವರು ಇನ್ನೇನು ತಾನೇ ಮಾಡಿಯಾರು? ಫಕ್ಕೀರವ್ವ ಜೀಪಿನ ಹಿಂದೆ ಓಡಿದಳು. ಆಗಲೂ ಅವಳ ಎರಡು ಕೈ ಮೇಲೆಯೇ ಇದ್ದವು. ಆಮೇಲೆ ಹಿತ್ತಲಲ್ಲಿ ಕೂತು ಅವಳು ಅತ್ತ ಸದ್ದನ್ನು ಕೇಳಲಾರದೆ ನಾನು ಕಿಟಕಿ ಮುಚ್ಚಿಕೊಂಡೆ.

ವಿಚಾರಣೆಗೆ ಬಂದವರೇ ಅಕ್ಕೋರು. ಗಾಂಧಿವಾದಿಗಳ ಊರಾದ ಹೊಸರಿತ್ತಿಯಲ್ಲಿ ಓದಿದವರು, ಮೈಮೇಲೆ ದಪ್ಪ ಖಾದಿ ಸೀರೆ, ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಎಲ್ಲಾದರೂ ಮರೆತು ಹೋಗುವುದಕ್ಕೆಂದೇ ಹಿಡಿದಂತಿದ್ದ ಒಂದು ಕೊಡೆ. ಪತ್ರ ತೆಗೆದು ಕಣ್ಣಿಗೆ ಹತ್ತಿರ ಹಿಡಿದರು.

"ಅಕ್ಷರ ಭಾಳ ಚಂದ ಅದಾವು ತಂಗಿ," ಎಂದರು. "ಆಕಿ ಜೋಡಿ ಎಂದರ ಮಾತಾಡೀಯೇನು?"

"ಇಲ್ಲ."

"ನಿಮ್ಮ ಹಿತ್ತಲ ಬಾಗಲದಿಂದ ಆಕಿ ಬಾಗಲಕ್ಕ ಎಷ್ಟು ಹೆಜ್ಜಿ ಆಗ್ತಾವು?"

ನನಗೆ ಗೊತ್ತಿರಲಿಲ್ಲ. ಅವರು ಎದ್ದು ಹೋಗಿ ನಡೆದು ನೋಡಿದರು. ಹನ್ನೊಂದು ಹೆಜ್ಜೆ. ಅದನ್ನು ನನಗೆ ಹೇಳಿದರಷ್ಟೇ, ಬೈಯಲಿಲ್ಲ. ಬೈದಿದ್ದರೆ ನಾನು ಹೇಗಾದರೂ ತಡೆದುಕೊಳ್ಳುತ್ತಿದ್ದೆ.

ಮರುದಿನ ರಾಣೆಬೆನ್ನೂರಿಗೆ ಹೋಗಿ ಮಗುವನ್ನು ನೋಡಿಬಂದರು. ಅದರ ಮರುದಿನ ಬೆಳಗಿನಿಂದ ಸಂಜೆಯವರೆಗೆ ಮೆಣಸಿನಕಾಯಿ ರಾಶಿಯ ಮುಂದೆ ಹೆಂಗಸರ ಸಾಲಿನಲ್ಲಿ ಕೂತು ತಾವೂ ತೊಟ್ಟು ಬಿಡಿಸಿದರು. ಆ ಸಂಜೆ ನೇರ ನಮ್ಮ ಅಡುಗೆಮನೆಗೆ ಬಂದು, ಸೆರಗಿನ ಗಂಟು ಬಿಚ್ಚಿ, ನನ್ನ ಮುಂದೆ ಒಂದು ಬೊಗಸೆ ಕಾಯಿ ಸುರಿದರು. ಅವರ ಕಣ್ಣು ರೇಣುಕಾಳ ಕಣ್ಣಿನ ಹಾಗೆಯೇ ಊದಿಕೊಂಡಿದ್ದವು.

"ಇವನ್ನಷ್ಟು ತೊಟ್ಟು ಬಿಡಿಸವಾ. ಬಿಡಿಸಿದ ಮ್ಯಾಲೆ ಒಂದೊಂದ ಮುರದು ಬೀಜ ನೋಡು. ಆ ರಾಶ್ಯಾಗ ಒಡದ ಕಾಯಿನೂ ಭಾಳ ಇರ್ತಾವು."

ಮಾಡಿದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಈ ಊರಿನ ಹೆಮ್ಮೆ. ಮದುವೆಯಾಗಿ ಬಂದ ದಿನದಿಂದ ಕೇಳಿದ ಮಾತು ಅದು. ಮನೆಯಲ್ಲಿ ಒಗ್ಗರಣೆಗೆ ಎಷ್ಟು ಕಾಯಿ ಮುರಿದರೂ ನನ್ನ ಕೈ ಎಂದೂ ಉರಿದಿರಲಿಲ್ಲ. ಮೆಣಸಿನಕಾಯಿಯಿಂದ ಕೈ ಹಾಗೆ ಸುಡಬಹುದೆಂದು ಅದಕ್ಕೇ ನನಗೆ ಹೊಳೆದಿರಲಿಲ್ಲ. ಆದರೆ ನಮ್ಮ ಮಾರುಕಟ್ಟೆಗೆ ಗುಂಟೂರಿನ ಕಾಯಿಯೂ ಬರುತ್ತದೆ. ಅಕ್ಕೋರು ತಂದದ್ದು ಅದು. ಅರ್ಧ ಗಂಟೆಯಲ್ಲಿ ನನ್ನ ಹತ್ತೂ ಬೆರಳು ಕೆಂಡವಾದವು. ತೊಳೆದೆ, ಉರಿ ಇನ್ನೂ ಹೆಚ್ಚಾಯಿತು.

ಅಷ್ಟರಲ್ಲಿ ತೊಟ್ಟಿಲಲ್ಲಿ ಮಗಳು ಎದ್ದು ಅಳತೊಡಗಿದಳು. ನಾನು ಓಡಿ ಅವಳತ್ತ ಕೈ ಚಾಚಿದೆ. ಅಕ್ಕೋರು ನನ್ನ ಮಣಿಕಟ್ಟು ಹಿಡಿದರು.

"ಈ ಕೈಲೆ ಎತ್ಕೊಂತೀಯೇನು?"

ಮಗಳು ಎದ್ದು ಕೂತು ನನ್ನ ಬೆರಳು ಹಿಡಿಯಲು ತವಕಿಸಿದಳು. ನನ್ನ ಕೈಗಳು ತಾವಾಗಿಯೇ ಮೇಲಕ್ಕೆ ಹೋದವು. ಮೊಣಕೈಯಿಂದ ಅವಳನ್ನು ಹಿಂದಕ್ಕೆ ಸರಿಸಿ, "ದೂರ ಸರಿ" ಎಂದೆ. ಅಂದ ಮೇಲೆ ನನಗೆ ನನ್ನ ಮಾತೇ ಕೇಳಿಸಿತು.

ಅಕ್ಕೋರು ಕಪಾಟಿನಿಂದ ಎಣ್ಣೆಯ ಡಬ್ಬಿ ತೆಗೆದು ನನ್ನ ಕೈಗೆ ಸುರಿದರು. "ಮೊದಲ ಎಣ್ಣಿ, ಆಮ್ಯಾಲೆ ಕಡ್ಲಿ ಹಿಟ್ಟು, ಕಡೀಕ ನೀರು. ಆಕಿ ಮನ್ಯಾಗ ಎಣ್ಣಿ ಇರೂದಿಲ್ಲ. ಬೂದಿ ತಿಕ್ಕೊಂಡು ಕುಂದರ್ತಾಳ. ಉರಿ ಹೋಗೂದ್ರಾಗ ಕೂಸು ಅತ್ತು ಮಲಗಿರ್ತೈತಿ. ರಾಣೆಬೆನ್ನೂರಾಗ ಅದು ಯಾರ ಕೈನೂ ಹಿಡೀವಲ್ದು. ಹತ್ರ ಬಂದೋರ ಮೊಣಕೈ ಹಿಡಿತೈತಿ. ಯಾಕ ಅನ್ನೂದು ನನಗೂ ಅಲ್ಲಿ ತಿಳೀಲಿಲ್ಲ. ಕಾಯಿ ಮುಂದ ಕುಂತ ಮ್ಯಾಲೆ ತಿಳೀತು."

"ಮತ್ತೆ ಆ ಹೊಗೆ?" ಎಂದೆ, ಇನ್ನೂ ನನ್ನ ಕಡೆ ಸ್ವಲ್ಪವಾದರೂ ನ್ಯಾಯ ಉಳಿದಿರಲಿ ಎಂಬ ಆಸೆಯಿಂದ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅಕ್ಕೋರು ಅವರತ್ತ ತಿರುಗಿ, "ದೃಷ್ಟಿ ತಗದಾಳ. ನೀವು ಮೊಮ್ಮಗಳಿಗೆ ತಗಿಯೂದಿಲ್ಲೇನ್ರಿ?" ಎಂದರು.

"ಅಮಾಸಿಗೊಮ್ಮಿ ತಗೀತೇನ್ರೀ," ಎಂದರು ಅತ್ತೆ. "ಈಕಿ ಆವಾಗ ತವರಿಗೆ ಹೋಗಿರ್ತಾಳ, ಇಲ್ಲಾ ಮೂಗು ಮುಚಗೊಂಡು ಓದಾಕ ಕುಂತಿರ್ತಾಳ."

ನಾನು ಅತ್ತುಬಿಟ್ಟೆ. ಅಕ್ಕೋರು ನನ್ನ ಬೆನ್ನ ಮೇಲೆ ಕೈಯಿಟ್ಟು ಹೇಳಿದ ಮಾತು ಇಂದಿಗೂ ಹಾಗೆಯೇ ನೆನಪಿದೆ: "ಬರದದ್ದು ತಪ್ಪಲ್ಲ ತಂಗಿ. ಎಷ್ಟೋ ಕೂಸುಗಳಿಗೆ ಬರಿಯೋರ ಇರೂದಿಲ್ಲ. ಬರದು, ಕಿಟಕಿ ಮುಚಗೊಂಡ್ಯಲ್ಲ, ಅದು ತಪ್ಪು. ಈಗ ನನ್ನ ಜೋಡಿ ಹಾವೇರಿಗೆ ಬಾ."

ಬಸ್ಸು ಮೋಟೆಬೆನ್ನೂರು ದಾಟುವ ಮೊದಲೇ ಅಕ್ಕೋರು ನನ್ನ ಹೆಗಲಿಗೆ ತಲೆಯಿಟ್ಟು ಸಣ್ಣಗೆ ಗೊರಕೆ ಹೊಡೆದರು. ಫಕ್ಕೀರವ್ವ ಮುಂದಿನ ಸೀಟಿನಲ್ಲಿ ಸೆರಗು ಬಿಗಿಹಿಡಿದು ಕುಳಿತಿದ್ದಳು. ಒಗೆದ ಸೀರೆ, ಎಣ್ಣೆ ಕಾಣದ ಕೂದಲಿಗೆ ನೀರು ಹಚ್ಚಿ ತೆಗೆದ ಬೈತಲೆ. ಪತ್ರ ಬರೆದವಳು ನಾನೆಂದು ಅವಳಿಗೆ ಗೊತ್ತಿಲ್ಲವೆಂದೇ ನಾನು ತಿಳಿದಿದ್ದೆ. ಇಳಿಯುವಾಗ ಅಕ್ಕೋರು ನನ್ನ ಕಿವಿಯಲ್ಲಿ, "ನಿನ್ನ ಹಾಳಿ ಫೈಲಿನ್ಯಾಗ ಇರ್ತೈತಿ, ನನ್ನ ಬಾಯಾಗಿಲ್ಲ. ಹೇಳೂದಿದ್ರ ನೀನ ಹೇಳ್ಬೇಕು," ಎಂದರು.

ಸಮಿತಿಯ ಮುಂದೆ ನಾನು ಕಂಡದ್ದೇನು, ತಿಳಿದುಕೊಂಡದ್ದೇನು ಎಲ್ಲವನ್ನೂ ಹೇಳಿದೆ. ಫಕ್ಕೀರವ್ವ ಹೊರಗೆ ಬೆಂಚಿನ ಮೇಲಿದ್ದಳು. ನಡುವಯಸ್ಸಿನ ಸದಸ್ಯರೊಬ್ಬರು ಸಮಾಧಾನದಿಂದ ಕೇಳಿ, "ಹಂಗಾದ್ರ ಕೂಸಿನ್ನ ವಾಪಸ್ ಕೊಡೋಣು, ಕೇಸ್ ಮುಗೀತು," ಎಂದರು.

"ಮುಗೀಲಿಲ್ರಿ ಸಾಹೇಬ್ರ," ಎಂದು ಅಕ್ಕೋರು ಎದ್ದು ನಿಂತರು. "ಆಕಿ ನಾಳೆ ಮತ್ತ ಅದೇ ರಾಶಿ ಮುಂದ ಕುಂದರ್ತಾಳ, ಕೂಸೂ ಅಲ್ಲೇ ಕುಂದರ್ತೈತಿ. ಕೂಸಿನ್ನ ಒಯ್ಯಾಕ ಒಂದು ಜೀಪ್ ಬಂತು. ತಾಯಿಗೆ ಏನರ ತಗೊಂಡು ಇನ್ನೊಂದು ಜೀಪ್ ಬರಬಾರದೇನ್ರಿ?"

ಆ ಸದಸ್ಯರು ಪೆನ್ನಿನ ಮುಚ್ಚಳ ತೆಗೆದು, "ಏನೇನು ಬೇಕು, ಹೇಳ್ರಿ ಅಕ್ಕೋರ, ಬರಕೋತೀನಿ," ಎಂದರು.

ರೇಣುಕಾ ಆ ವಾರವೇ ಮನೆಗೆ ಬಂದಳು. ಉಳಿದದ್ದು ಅಷ್ಟು ಬೇಗ ಆಗಲಿಲ್ಲ. ವಿಧವಾ ವೇತನಕ್ಕೆ ಗಂಡನ ಮರಣದ ದಾಖಲೆ ಬೇಕಿತ್ತು. ಅವನು ತೀರಿಕೊಂಡದ್ದು ಗಳಗನಾಥದ ಹತ್ತಿರದ ತನ್ನ ಅಕ್ಕನ ಮನೆಯಲ್ಲಿ. ಅಲ್ಲಿ ಯಾರೂ ಬರೆಸಿರಲಿಲ್ಲ. ಅದನ್ನು ತರಲು ಅಕ್ಕೋರು ಎಷ್ಟು ಸಲ ಹೋಗಿಬಂದರೋ. "ಕಾಗದಕ್ಕ ಕಾಲಿರೂದಿಲ್ಲವಾ, ನಾವ ಅದರ ಕಾಲು" ಎಂಬುದು ಅವರ ಗಾದೆ. ತೊಟ್ಟು ಬಿಡಿಸುವವರ ಮಕ್ಕಳಿಗಾಗಿ ಮಾರುಕಟ್ಟೆಯ ಹತ್ತಿರ ಒಂದು ಶಿಶುವಿಹಾರ ಬೇಕೆಂದು ಅರ್ಜಿಗಳ ಮೇಲೆ ಅರ್ಜಿ ಹಾಕಿದರು. ಅಂಗನವಾಡಿ ಮಧ್ಯಾಹ್ನವೇ ಮುಚ್ಚುತ್ತದೆ, ಮೆಣಸಿನಕಾಯಿ ಕೆಲಸ ಸಂಜೆಯವರೆಗೆ ನಡೆಯುತ್ತದೆ, ನಡುವಿನ ಹೊತ್ತಿಗೆ ಕೂಸುಗಳಿಗೆ ಯಾರು ಎಂಬುದೊಂದೇ ಅವರ ಪ್ರಶ್ನೆ. ಮೂರನೆಯ ಹಂಗಾಮಿಗೆ ಮಂಜೂರಾಯಿತು. ವರ್ತಕರೊಬ್ಬರು ಗೋದಾಮಿನ ಪಕ್ಕದ ಖೋಲಿ ಬಿಟ್ಟುಕೊಟ್ಟರು. ಅಕ್ಕೋರಿಗೆ ಸಿಟ್ಟು ಬೇಗ ಬರುತ್ತಿತ್ತು ಎಂಬುದನ್ನೂ ಹೇಳಬೇಕು. ಆ ಖೋಲಿಗೆ ಸುಣ್ಣ ಹಚ್ಚಲು ತಡಮಾಡಿದವನಿಗೆ ಅವರು ಬೈದದ್ದನ್ನು ಕೇಳಿ ನಾನು ನನ್ನ ಮಗಳ ಕಿವಿ ಮುಚ್ಚಿದ್ದೆ.

ಆ ಖೋಲಿಯ ಬಾಗಿಲಲ್ಲಿ ಒಂದು ಕಲ್ಲಿನ ಮೇಲೆ ಎಣ್ಣೆಯ ಬಟ್ಟಲು, ಕಡಲೆ ಹಿಟ್ಟಿನ ಡಬ್ಬಿ, ನೀರಿನ ಕೊಡ. ತಾಯಂದಿರು ಸಂಜೆ ಬಂದವರೇ ಮೊದಲು ಅಲ್ಲಿ ಕೂತು ಕೈಗೆ ಎಣ್ಣೆ ತಿಕ್ಕಿ, ಹಿಟ್ಟು ಹಚ್ಚಿ, ತೊಳೆಯುತ್ತಿದ್ದರು. ಆಮೇಲೆ ಕೈ ಚಾಚುತ್ತಿದ್ದರು. ಎಣ್ಣೆ ನಮ್ಮ ಮನೆಯದು. ಅದನ್ನು ಬೇಡವೆನ್ನಬಾರದೆಂದು ಅಕ್ಕೋರಿಂದ ಮಾತು ತೆಗೆದುಕೊಂಡಿದ್ದೆ. ಮೊದಲ ದಿನ ಫಕ್ಕೀರವ್ವ ತೊಳೆದ ಅಂಗೈಗಳನ್ನು ಮಗಳ ಎರಡೂ ಕೆನ್ನೆಗೆ ಒತ್ತಿ ಹಿಡಿದಳು. ಕೆಲಸದಿಂದ ಬಂದ ಸಂಜೆ ಹೀಗಾಗುವುದು ರೇಣುಕಾಳಿಗೆ ಹೊಸದು. ಏನು ಮಾಡಬೇಕೆಂದು ತಿಳಿಯದೆ ಹಾಗೆಯೇ ನಿಂತುಬಿಟ್ಟಳು. ಅಕ್ಕೋರು ಮುಖ ತಿರುಗಿಸಿ ಕೊಡೆ ಹುಡುಕತೊಡಗಿದರು. ಅದು ಅವರ ಕೈಯಲ್ಲೇ ಇತ್ತು.

ನಿವೃತ್ತಿಯಾದ ಮೇಲೂ ಅವರ ಮನೆಯ ಕಟ್ಟೆಯ ಮೇಲೆ ಬೆಳಗಿನಿಂದಲೇ ಹೆಂಗಸರು ಕೂತಿರುತ್ತಿದ್ದರು, ಸ್ಟಾಂಪ್ ಪ್ಯಾಡು ಒಣಗುತ್ತಿರಲಿಲ್ಲ. ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ, ಮೂರು ದಿನದ ಜ್ವರದಲ್ಲಿ ಅವರು ಹೋಗಿಬಿಟ್ಟರು. ನಾವು ಹೋದಾಗ ಮೀಯಿಸಿ ಮಲಗಿಸಿದ್ದರು. ಅವರ ಸೊಸೆ ಅರಿಶಿನ ತಿಕ್ಕಿ ತೊಳೆದರೂ ಹೆಬ್ಬೆರಳಿನ ನೀಲಿ ಹಾಗೆಯೇ ಇತ್ತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಕಾಲಿಗೆ ನಮಸ್ಕರಿಸಿದ ಮೇಲೆ ಆ ಬೆರಳನ್ನೊಮ್ಮೆ ಮುಟ್ಟಿ ಹೋಗುತ್ತಿದ್ದರು.

ತಿರುಗಿ ಬರುವಾಗ ನಾನೂ ಫಕ್ಕೀರವ್ವನೂ ಜೊತೆಗೆ ನಡೆದೆವು. ಅಷ್ಟು ವರ್ಷ ಪ್ರತಿ ಹಂಗಾಮಿಗೂ ಅವಳು ಒಳ್ಳೆಯ ಕಾಯಿ ಆರಿಸಿ ನಮ್ಮ ಮನೆಗೆ ತಂದುಕೊಡುತ್ತಿದ್ದಳು, ನಾನು ಹಾವೇರಿಗೆ ಬಂದು ಅವಳ ಪರ ಮಾತಾಡಿದೆನೆಂದು. ಖಾರ ಕಡಿಮೆಯ ಬ್ಯಾಡಗಿ ಕಾಯಿಯಾದರೂ ಪ್ರತಿ ಸಲವೂ ಅದು ನನ್ನ ಕೈ ಸುಡುತ್ತಿತ್ತು. 'ಹೇಳೂದಿದ್ರ ನೀನ ಹೇಳ್ಬೇಕು' ಎಂದವರು ಈಗ ಇರಲಿಲ್ಲ. ಓಣಿಯ ತಿರುವಿನಲ್ಲಿ ನಿಂತುಬಿಟ್ಟೆ.

"ಫಕ್ಕೀರವ್ವ, ಆ ಪತ್ರ ಬರೆದವಳು ನಾನು."

ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

"ಗೊತ್ತೈತ್ರಿ ಬಾಯಾರ. ನಿಮ್ಮ ಅಡಗಿಮನಿ ಕಿಟಕಿಗೆ ಬಿಟ್ರ ನಮ್ಮ ಹಿತ್ತಲಾ ಇನ್ನ್ಯಾರಿಗೆ ಕಾಣತೈತಿ?" ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಅಂದಳು, "ಮೊದಲ ಭಾಳ ಸಿಟ್ಟಿತ್ತು. ಅಕ್ಕೋರಿಗೆ ಕೇಳೇ ಕೇಳಿದೆ, ಯಾರು ಬರದಾರು ಹೇಳ್ರಿ ಅಂತ. ಹೇಳಲಿಲ್ಲ. 'ನಿನ್ನ ಮಗಳು ಅತ್ತದ್ದು ಊರಾಗ ಒಬ್ಬರಿಗರ ಕೇಳಿಸ್ತು ಅಂತ ತಿಳಕೋ' ಅಂದ್ರು. ಈಗ ಆ ಕಿಟಕಿ ತಗದ ಇಟ್ಟಿರ್ತೀರಲ್ಲ, ಸಾಕು."

ಹೌದು, ತೆಗೆದೇ ಇಡುತ್ತೇನೆ. ಹಂಗಾಮಿನಲ್ಲಿ ಘಾಟು ಒಳಗೆ ನುಗ್ಗುತ್ತದೆ, ಮನೆಯವರೆಲ್ಲ ಸೀನುತ್ತಾರೆ, ಬೈಯುತ್ತಾರೆ. ಹಿತ್ತಲಲ್ಲಿ ಯಾರದಾದರೂ ಮಗು ಅತ್ತರೆ ಒಲೆ ಸಣ್ಣ ಮಾಡಿ, ಹನ್ನೊಂದು ಹೆಜ್ಜೆ ನಡೆದು ಹೋಗಿ ಕೇಳಿ ಬರುತ್ತೇನೆ.