ಪಾಲಿಶ್ ಭಾವನ ಉಸಿರು

ನಮ್ಮ ಭಾವ ಮರದ ಸಾಮಾನಿಗೆ ಪಾಲಿಶ್ ಹಚ್ಚುವವರು. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯುಂಡೆಯನ್ನು ಅದರಲ್ಲಿ ಅದ್ದಿ, ಬೀರುವಿನ ಬಾಗಿಲಲ್ಲಿ ಮುಖ ಕಾಣುವ ತನಕ ತಿಕ್ಕುತ್ತಿದ್ದರು. ಒಂದು ಕಾಲಕ್ಕೆ ಕುಡಿತವೂ ಜೋರು, ಸುಳ್ಳೂ ಜೋರು. ತೂರಾಡುತ್ತ ಬಂದು, "ಬರೀ ಸ್ಪಿರಿಟ್ ವಾಸನೆ ಕಣೇ" ಎನ್ನುತ್ತಿದ್ದರು. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೇ ಯಾರೂ ನಂಬುವುದಿಲ್ಲ. ಈ ಮಹಾಶಯರು ಕುಡಿದದ್ದು ಮಜ್ಜಿಗೆಯೂ ಅಲ್ಲ.

ಮಗಳು ಹುಟ್ಟಿದ ಮೇಲೆ ಬಿಟ್ಟರು. ನಿಜವಾಗಿಯೂ ಬಿಟ್ಟರು. ಅಕ್ಕ ನಂಬಲಿಲ್ಲ. ಅದಕ್ಕೆ ಭಾವನೇ ಒಂದು ಪದ್ಧತಿ ಮಾಡಿಕೊಂಡರು. ಅಂಗಡಿಯ ನಲ್ಲಿಯಲ್ಲಿ ಮೈ ತೊಳೆದು, ಬೇರೆ ಬಟ್ಟೆ ಹಾಕಿಕೊಂಡು ಬರುವುದು. ಹೊಸ್ತಿಲಾಚೆಯೇ ನಿಂತು ಅಕ್ಕನ ಮುಖದತ್ತ 'ಹಾ' ಎಂದು ಉಸಿರು ಬಿಡುವುದು. ಅವಳು ತಲೆಯಾಡಿಸಿದ ಮೇಲೆ ಒಳಗೆ ಕಾಲಿಡುವುದು. ಅಕ್ಕಪಕ್ಕದವರಿಗೆ ಬಿಟ್ಟಿ ತಮಾಷೆ. ಮಗಳು ಶಾಲೆ ಮುಗಿಸಿದರೂ ಇದು ನಿಲ್ಲಲಿಲ್ಲ.

"ಇನ್ನಾದ್ರೂ ಸಾಕು ಮಾಡೇ ಅಕ್ಕ," ಎಂದು ನಾನು ಜಗಳವಾಡಿದೆ.

"ಹುಟ್ಟುಗುಣ ಸುಟ್ರೂ ಹೋಗಲ್ಲ ಕಣೋ," ಎಂದಳು.

ಭಾವ ನನ್ನನ್ನೇ ಸುಮ್ಮನಾಗಿಸಿದರು. "ಇರ್ಲಿ ಬಿಡಪ್ಪ, ತಪ್ಪು ನಂದೇ. ನಂಬ್ತೀನಿ ಅಂತ ಒಂದಿನ ಅವಳೇ ಹೇಳ್ತಾಳೆ." ಆ ಒಂದು ಮಾತಿಗೆ ಬಾಯಿಬಾಯಿ ಬಿಡುತ್ತಿದ್ದರು, ಪಾಪ.

ಒಂದು ಸಂಜೆ ಮೈ ತೊಳೆಯದೆ ಬಂದರು. ಕಾಲು ತಡವರಿಸುತ್ತಿತ್ತು, ನಾಲಿಗೆ ತೊದಲುತ್ತಿತ್ತು, ಮೈಯೆಲ್ಲ ಸ್ಪಿರಿಟ್ ವಾಸನೆ. ಉಸಿರು ಬಿಡಲು ಹೋದರೆ ಬಾಯಿ ಸೊಟ್ಟಗಾಯಿತು. ಅಣಕಿಸುತ್ತಿದ್ದಾರೆ ಎಂದುಕೊಂಡಳು ಅಕ್ಕ. "ಮತ್ತೆ ಶುರು ಮಾಡಿದ್ರಾ? ಇಳಿಯೋ ತನಕ ಅಲ್ಲೇ ಬಿದ್ದಿರಿ!" ಎಂದು ಬಾಗಿಲು ಹಾಕಿದಳು. ಬೆಳಿಗ್ಗೆ ತೆಗೆದಾಗ ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಇದನ್ನೆಲ್ಲ ಆಸ್ಪತ್ರೆಯ ದಾರಿಯಲ್ಲಿ ಅವಳೇ ಅಳುತ್ತ ನನಗೆ ಹೇಳಿದ್ದು.

"ಕುಡೀತಾರಾ?" ಡಾಕ್ಟರು ಕೇಳಿದರು.

"ಅಯ್ಯೋ, ಇಲ್ಲ ಡಾಕ್ಟ್ರೇ! ಬಿಟ್ಟು ವರ್ಷಗಳೇ ಆದ್ವು. ನಮ್ಮ ಯಜಮಾನ್ರು ಸುಳ್ಳು ಹೇಳೋರಲ್ಲ."

ಇಷ್ಟು ವರ್ಷ ಎಲ್ಲಿ ಸತ್ತಿತ್ತು ಈ ಮಾತು ಎಂದು ನನಗೆ ಮೈಯೆಲ್ಲ ಉರಿಯಿತು. ಹಾಸಿಗೆಯಲ್ಲಿ ಭಾವ ಕಷ್ಟಪಟ್ಟು ಅವಳತ್ತ ಕಣ್ಣು ತಿರುಗಿಸಿದರು.

"ಲಕ್ವ ಹೊಡೆದು ಆಗ್ಲೇ ಒಂದು ರಾತ್ರಿ ಆಗಿರೋ ಹಾಗಿದೆ. ಮತ್ತೆ ನಿನ್ನೆ ಸಂಜೆನೇ ಯಾಕಮ್ಮ ಕರ್ಕೊಂಡು ಬರ್ಲಿಲ್ಲ?"

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಚೆನ್ನಾಗೇ ಇದ್ರು ಡಾಕ್ಟ್ರೇ. ಬೆಳಿಗ್ಗೆ ಎದ್ದು ನೋಡಿದ್ರೆ ಹೀಗೆ."

ಭಾವ ಎಡಗೈಯಿಂದ ಹೊದಿಕೆ ಎಳೆದು ಮುಖ ಮುಚ್ಚಿಕೊಂಡರು.