ಆಯುಧಪೂಜೆಗೆ ಆರಿಹೋದ ಕಂಪ್ಯೂಟರ್

೧೯೯೪ರಲ್ಲಿ ಎಂಟನೇ ತರಗತಿಗೆ ಓದು ಬಿಟ್ಟ ನಾನು ಕೊಣನೂರಿನಲ್ಲಿ ದುಡಿದು ಕಟ್ಟಿದ ಫೋಟೊ ಸ್ಟುಡಿಯೊದ ಕಂಪ್ಯೂಟರ್, ಕಳೆದ ಆಯುಧಪೂಜೆಯ ದಿನ ನನ್ನ ಕೈಯಿಂದಲೇ ಕೆಟ್ಟಿತು. ಕುಂಕುಮವಿಟ್ಟು, ಹೂ ಮುಡಿಸಿ, ಭಕ್ತಿ ಹೆಚ್ಚಾಗಿ ಅರಿಶಿನದ ನೀರನ್ನೂ ಧಾರಾಳವಾಗಿ ಚಿಮುಕಿಸಿದ್ದೆ. ಚಟ್ಟೆಂದು ಸದ್ದಾಗಿ ಆರಿಹೋಯಿತು.

ರಿಪೇರಿಯವರು ಬಿಚ್ಚಿ ನೋಡಿ ಒಳಗಿನ ಡಿಸ್ಕೇ ಸುಟ್ಟಿದೆ ಎಂದರು. ಶ್ರಾವಣದಲ್ಲಿ ತೆಗೆದ ಹಳೇಕೋಟೆಯ ಮದುವೆಯ ಫೋಟೊಗಳು ಅದರಲ್ಲಿದ್ದವು, ಆಲ್ಬಂ ಕೊಡುವುದಿನ್ನೂ ಬಾಕಿ. ಫೋಟೊಗಾಗಿ ಇನ್ನೊಮ್ಮೆ ಧಾರೆ ಎರೆಸಲಾಗುತ್ತದೆಯೇ? ತಲೆ ಹಿಡಿದು ಕುಳಿತೆ.

ಪಕ್ಕದ ಜೆರಾಕ್ಸ್ ಅಂಗಡಿಯ ಸವಿತಾ ಬಂದು ನಕ್ಕಳು. "ಕಂಪ್ಯೂಟ್ರುಗೆ ತಲೆಗೇ ನೀರು ಉಯ್ದ್ಬುಟ್ರಲ್ಲಣ್ಣ. ಬನ್ನಿ, ಫೋಟೊ ಎಲ್ಲಾ ಕ್ಲೌಡ್‌ನಲ್ಲಿ ಅವೆ ಕಣಣ್ಣ."

ಭಾದ್ರಪದದಲ್ಲಿ ಕೆಲಸವಿಲ್ಲದಿದ್ದಾಗ ನನ್ನ ಫೋಟೊಗಳನ್ನೆಲ್ಲ ಇಂಟರ್‌ನೆಟ್ಟಿನ ಆ ಜಾಗಕ್ಕೆ ಏರಿಸಿದ್ದವಳು ಅವಳೇ. "ಕಣ್ಗೆ ಕಾಣ್ದಿರೋ ಜಾಗ್ದಲ್ಲಿ ಯಾರಾದ್ರೂ ಮಾಲು ಮಡಗ್ತಾರೇನವ್ವ" ಎಂದು ಆಗ ನಾನು ಗೇಲಿ ಮಾಡಿದ್ದೆ. ಅವಳ ಕಂಪ್ಯೂಟರಿನಲ್ಲಿ ತೆರೆದರೆ ಹಳೇಕೋಟೆಯ ಹೆಣ್ಣುಗಂಡು ಕೈಮೇಲೆ ಕೈಯಿಟ್ಟು ಧಾರೆಗೆ ಹಾಗೆಯೇ ನಿಂತಿದ್ದರು. ನನ್ನ ಕಣ್ಣು ತುಂಬಿತು.

ಈಗ ನನಗೆ ಎರಡು ಕ್ಯಾಮೆರಾ, ಹೊಸದೊಂದು ಕಂಪ್ಯೂಟರ್, ಕ್ಲೌಡ್‌ನಲ್ಲಿ ಮುನ್ನೂರ ಹನ್ನೆರಡು ಮದುವೆ, ಪಕ್ಕದಂಗಡಿಯಲ್ಲಿ ಒಬ್ಬಳು ತಂಗಿ.