ಶಿಷ್ಯರ ಪಾಲು ಉಂಡ ಎಲ್ಗುಜಾ

ಕುತಾಯಿಸಿಯ ಕ್ರೀಡಾಭವನದಲ್ಲಿ ಹದಿನಾರು ವರ್ಷಗಳಿಂದ ತೂಕದ ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಚಡ್ಡಿಯಲ್ಲಿ ನಡುಗುತ್ತಾ ಬರುವ ಕುಸ್ತಿ ಹುಡುಗರ ತೂಕ ಬರೆದುಕೊಳ್ಳುವುದು ನನ್ನ ಕೆಲಸ. ಐವತ್ತು ಗ್ರಾಂ ಹೆಚ್ಚಿದ್ದವನಿಗೂ "ಶಿಸ್ತು ಬೇಕಪ್ಪಾ, ಶಿಸ್ತು" ಎಂದು ಉಪದೇಶ ಮಾಡಿ ವಾಪಸ್ಸು ಕಳಿಸುವುದರಲ್ಲಿ ನನಗೆ ಊರಲ್ಲೆಲ್ಲ ಹೆಸರಿದೆ.

ಈ ಸಲದ ಪಂದ್ಯಾವಳಿಗೆ ಹೊಸ ಯಂತ್ರ ಬಂದಿತ್ತು. ಮೂರು ದಿನ ಮುಂಚೆ, ಗುರುವಾರ, ಅದನ್ನು ಪರೀಕ್ಷಿಸಬೇಕಾಗಿತ್ತು. ತೂಕದ ಕೋಣೆಯ ಬಾಗಿಲು ಹಾಕಿಕೊಂಡೆ, ಚಿಲಕವನ್ನೂ ಹಾಕಿದೆ, ಆಮೇಲೆ ಹತ್ತಿ ನಿಂತೆ. ಯಂತ್ರದಿಂದ ಹೊರಗಿನ ಅಂಗಣದ ದೊಡ್ಡ ಫಲಕಕ್ಕೆ ತಂತಿ ಎಳೆದಿದ್ದಾರೆಂದು ನನಗೆ ಯಾರೂ ಹೇಳಿರಲಿಲ್ಲ. ಅಲ್ಲಿ ಅಭ್ಯಾಸ ಮಾಡುತ್ತಿದ್ದ ನಲವತ್ತು ಹುಡುಗರ ತಲೆಯ ಮೇಲೆ, ಮೊಳದುದ್ದದ ಕೆಂಪು ಅಂಕಿಗಳಲ್ಲಿ, 97.40 ಎಂದು ಮೂಡಿತಂತೆ. ನನಗೆ ಗೊತ್ತಾದದ್ದು ಚಪ್ಪಾಳೆ ಕೇಳಿದ ಮೇಲೆ.

"ಲೋ ಗೋದೆರ್ಜಿ!" ಬಾಗಿಲಿನಾಚೆಯಿಂದ ಎಲ್ಗುಜಾನ ದನಿ ಬಂತು. "ತೊಂಬತ್ತೇಳು ಕಿಲೋ ವಿಭಾಗಕ್ಕೆ ನಾನೂರು ಗ್ರಾಂ ಜಾಸ್ತಿಯಾಯ್ತಲ್ಲೋ! ಶಿಸ್ತು ಬೇಕಪ್ಪಾ, ಶಿಸ್ತು!"

ಹೀಗೆಂದ ಮನುಷ್ಯನ ತೂಕ ನೂರ ಇಪ್ಪತ್ತೆಂಟು.

ಎಲ್ಗುಜಾ ಚುಬಿನಿದ್ಜೆ ಯೌವನದಲ್ಲಿ ಅರವತ್ತೆರಡು ಕಿಲೋದ ಕುಸ್ತಿಪಟು. ಅದನ್ನು ನಾನು ಸ್ವಂತ ಬೆನ್ನಿನ ಅನುಭವದಿಂದ ಹೇಳಬಲ್ಲೆ. ನಾವಿಬ್ಬರೂ ಎದುರಾದ ಏಕೈಕ ಪಂದ್ಯ ನಲವತ್ತು ಸೆಕೆಂಡಿಗೆ ಮುಗಿಯಿತು, ಅದರಲ್ಲಿ ಮೂವತ್ತು ಸೆಕೆಂಡು ನಾನು ಅವನ ಸುತ್ತ ಓಡಿದ್ದು. ಆಮೇಲೆ ಅವನು ಲಾರಿ ಕಾರ್ಖಾನೆಯಲ್ಲಿ ಲೇತ್ ಯಂತ್ರಕ್ಕೆ ನಿಂತ. ಕಾರ್ಖಾನೆ ಮುಚ್ಚಿತು. ಅದರ ಕ್ಯಾಂಟೀನಿನ ನೆಲಮಾಳಿಗೆಯಲ್ಲಿ ಹಳೇ ಚಾಪೆ ಹಾಸಿ ಹುಡುಗರಿಗೆ ಕುಸ್ತಿ ಕಲಿಸಲು ಕೂತವನು ಇವತ್ತಿಗೂ ಎದ್ದಿಲ್ಲ.

ಈಗಿನ ತರಬೇತುದಾರರ ಹತ್ತಿರ ಎದೆಗೆ ಕಟ್ಟುವ ಪಟ್ಟಿ ಇದೆ, ಫೋನಿನಲ್ಲಿ ಆ್ಯಪ್ ಇದೆ, ಹೃದಯ ಎಷ್ಟು ಸಲ ಬಡಿಯಿತೆಂದು ಅದು ಬಣ್ಣಬಣ್ಣದ ಗೆರೆ ಎಳೆದು ತೋರಿಸುತ್ತದೆ. ಎಲ್ಗುಜಾನ ಹತ್ತಿರ ಒಂದು ಹಗ್ಗ, ಒಂದು ಗುಡ್ಡ ಮತ್ತು ಸಾಕಷ್ಟು ಬೈಗುಳ ಇದೆ. ತೋಳಿನ ಬಲಕ್ಕೆ, ಕಾಲು ಬಳಸದೆ ಹಗ್ಗ ಹತ್ತಬೇಕು. ಕತ್ತಿನ ಬಲಕ್ಕೆ, ತಲೆ ನೆಲಕ್ಕೂರಿ ಬಿಲ್ಲಿನಂತೆ ಬಾಗಿ ನಿಲ್ಲಬೇಕು, ಮೇಷ್ಟ್ರು ಚಹಾ ಕುಡಿದು ಮುಗಿಸುವವರೆಗೆ. ಚಹಾ ಯಾವಾಗಲೂ ಕುದಿಯುವಷ್ಟು ಬಿಸಿ. ದಮ್ಮಿಗೆ, ಜೊತೆಗಾರನನ್ನು ಹೆಗಲ ಮೇಲೆ ಹೊತ್ತು ಬಗ್ರಾತಿ ಗುಡ್ಡ ಹತ್ತಬೇಕು. ಮೇಲಿರುವವನು ಜೋಕು ಹೇಳಬೇಕು, ಹೊತ್ತವನು ನಗಬೇಕು. ನಗಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ಇಪ್ಪತ್ತು ವರ್ಷಗಳಿಂದ ಅಲ್ಲಿ ಓಡಾಡುತ್ತಿರುವುದು ಅದೇ ನಾಲ್ಕು ಜೋಕು. ಅವಕ್ಕೆ ನಗಲು ನಿಜಕ್ಕೂ ದಮ್ಮು ಬೇಕು.

ಆದರೆ ಅವನ ಅಸಲಿ ಕಸುಬು ಇದಾವುದೂ ಅಲ್ಲ. ನಮ್ಮ ಕಡೆ ಪಂದ್ಯ ಹತ್ತಿರ ಬಂತೆಂದರೆ ಹುಡುಗನ ಮನೆಯಲ್ಲಿ ಏನಾದರೊಂದು ಔತಣ ಗ್ಯಾರಂಟಿ. ನಾಮಕರಣ, ಮದುವೆ, ತಿಥಿ, ಅದೂ ಇಲ್ಲದಿದ್ದರೆ ದೂರದಿಂದ ಬಂದ ನೆಂಟ. ಬಡಿಸಿದ್ದನ್ನು ಬೇಡ ಅಂದರೆ ಮನೆಯವರಿಗೆ ಅವಮಾನ, ತಿಂದರೆ ತೂಕದ ಯಂತ್ರದ ಮುಂದೆ ಅವಮಾನ. ಅದಕ್ಕೇ ಎಲ್ಗುಜಾ ಹುಡುಗನ ಪಕ್ಕ ಕೂತು, ಹುಡುಗನ ಪರವಾಗಿ ತಿನ್ನುತ್ತಾನೆ, ಹುಡುಗನ ಪರವಾಗಿ ಕುಡಿಯುತ್ತಾನೆ. ವಕೀಲರಿದ್ದ ಹಾಗೆ. ಕುತಾಯಿಸಿಯ ಅಜ್ಜಿಯರೆಲ್ಲ ಈ ಏರ್ಪಾಡನ್ನು ಒಪ್ಪಿಕೊಂಡುಬಿಟ್ಟಿದ್ದಾರೆ. ಒಪ್ಪದಿರುವುದು ಅವನ ಡಾಕ್ಟರು ಮಾತ್ರ. ಈ ಸೀಸನ್ ಮುಗಿಯಲಿ ಎಂದು ಅವರಿಗೆ ಹತ್ತು ವರ್ಷಗಳಿಂದ ಹೇಳುತ್ತಿದ್ದಾನೆ.

ಈ ಸಲದ ಕಕ್ಷಿದಾರ ಮಿರಿಯಾನ್. ಇಪ್ಪತ್ತೊಂದರ ಹುಡುಗ. ಕೆಲಸ ಬೇಕರಿಯಲ್ಲಿ, ಅಂದರೆ ದಿನವಿಡೀ ಒಲೆಯ ಮುಂದೆ ನಿಂತು, ತಾನು ತಿನ್ನಬಾರದ ರೊಟ್ಟಿಯನ್ನು ಊರಿಗೆಲ್ಲ ಸುಟ್ಟುಕೊಡುವುದು. ಅವನ ಅರವತ್ತೈದು ಕಿಲೋ ವಿಭಾಗದಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ ರಾಜಧಾನಿ ತ್ಬಿಲಿಸಿಯ ರಾಷ್ಟ್ರೀಯ ಶಿಬಿರಕ್ಕೆ ಕರೆ. ಹೋದ ವರ್ಷ ನೂರು ಗ್ರಾಂ ಹೆಚ್ಚಾಗಿ ಅವನನ್ನು ವಾಪಸ್ಸು ಕಳಿಸಿದ್ದು ನಾನೇ, ಉಪದೇಶದ ಸಮೇತ. ಬೇಕರಿಯ ಯಜಮಾನ ಈಗಾಗಲೇ ಹೇಳಿಯಾಗಿತ್ತು: ಈ ವರ್ಷವೂ ಆಗದಿದ್ದರೆ ಕುಸ್ತಿ ಸಾಕು, ಬೆಳಗಿನ ಪಾಳಿ ನಿನ್ನದು. ಭಾನುವಾರ ಬೆಳಿಗ್ಗೆ ತೂಕ, ಅದರ ಹಿಂದಿನ ದಿನ, ಶನಿವಾರ, ಅವನ ಅಕ್ಕ ತೇಕ್ಲಾಳ ಮದುವೆ.

ಅದೇ ಗುರುವಾರ, ನನ್ನ ಮಾನ ಕಳೆದ ಯಂತ್ರವನ್ನೇ ಮಿರಿಯಾನ್ ಹತ್ತಿದ. 66.90.

"ಶನಿವಾರ ಊಟಕ್ಕೆ ಕೂರುವಾಗ 65.30 ಇರಬೇಕು," ಎಂದ ಎಲ್ಗುಜಾ.

"ಯಾಕೆ ಮೇಷ್ಟ್ರೇ? ರಾತ್ರಿ ಮಲಗೆದ್ರೆ ನಂದು ಅರ್ಧ ಕಿಲೋ ತಾನಾಗೇ ಇಳಿಯುತ್ತೆ. 65.50 ಸಾಕಲ್ವಾ?"

"65.30."

"ಊಟ ಹೆಂಗೂ ನೀವು ಮಾಡ್ತೀರಿ. ಇನ್ನೂರು ಗ್ರಾಂ ಸುಮ್ನೆ ಯಾಕೆ ಕಳ್ಕೋಬೇಕು ನಾನು?"

"ಸುಮ್ನೇನೇ. ಓಡು."

ಅವನು ಓಡಿದ. ಸ್ವೆಟರಿನ ಮೇಲೆ ಮಳೆಕೋಟು ತೊಟ್ಟು ಗುಡ್ಡ ಹತ್ತಿದ, ಅದೇ ಕೋಟಿನಲ್ಲಿ ಒಲೆಯ ಮುಂದೆ ನಿಂತ. ತೂಕ ಇಳಿಸುವಾಗ ಮೊದಲ ಕಿಲೋ ಬೆವರಾಗಿ ಹೋಗುತ್ತದೆ, ಕೊನೆಯ ಇನ್ನೂರು ಗ್ರಾಂ ಮನುಷ್ಯತ್ವವಾಗಿ ಹೋಗುತ್ತದೆ. ಶುಕ್ರವಾರ ಸಂಜೆ ನನ್ನ ಕೋಣೆಗೆ ಬಂದಾಗ ಅವನ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು.

"ಗೋದೆರ್ಜಿ ಮಾಮ, ಆ ಮುದುಕನಿಗೆ ನನ್ನ ಕಂಡ್ರೆ ಆಗಲ್ಲ. ಕೊಬ್ಬು ಅವನಿಗೆ, ಶಿಕ್ಷೆ ನನಗೆ."

ನಾನು ಶಿಸ್ತಿನ ಬಗ್ಗೆ ಬಾಯಿ ತೆರೆದೆ. ಅವನು ಗೋಡೆಯಾಚೆಯ ಫಲಕದ ದಿಕ್ಕಿಗೆ ನೋಡಿದ. ಬಾಯಿ ಮುಚ್ಚಿದೆ.

ಶನಿವಾರ ಮಧ್ಯಾಹ್ನ ಸರಿಯಾಗಿ 65.30 ತೂಗಿ, ಅಕ್ಕನ ಮದುವೆಗೆ ಹೆಣದ ಕಳೆಯಲ್ಲಿ ಬಂದು ಕೂತ. ಪಕ್ಕದಲ್ಲಿ ಎಲ್ಗುಜಾ. ಎದುರಿಗೆ, ಪ್ರೇಕ್ಷಕನಾಗಿ, ನಾನು. ಅಜ್ಜಿ ಅಗ್ರಪೀನಾ ಹುರಿದ ಹಂದಿಮರಿಯ ತಟ್ಟೆ ಹಿಡಿದು ನೆಟ್ಟಗೆ ಮೊಮ್ಮಗನ ಹತ್ತಿರ ಬಂದರು.

"ನೋಡು, ಮೆಕ್ಕೆಜೋಳದ ಒಣದಂಟಾಗಿದ್ದಾನೆ ನನ್ನ ಕೂಸು!"

"ಅವನ ಪಾಲು ಇಲ್ಲಿ ಹಾಕಿ ಅಮ್ಮಾ," ಎಂದು ಎಲ್ಗುಜಾ ಎರಡನೇ ತಟ್ಟೆ ಸರಿಸಿದ.

"ಆಗಲೇ ಹಾಕಿದ್ನಲ್ಲೋ!"

"ಅದು ನಂದು. ಇದು ಅವನದು."

"ಬಾಯಿ ಒಂದೇ ಕಾಣ್ತಾ ಇದೆ?"

"ಎರಡು ಪಾಳಿಯಲ್ಲಿ ಕೆಲಸ ಮಾಡುತ್ತೆ ಅಮ್ಮಾ. ಕಾರ್ಖಾನೆ ಅಭ್ಯಾಸ."

ಮೇಜಿಗೆ ತಮದಾ, ಅಂದರೆ ಪ್ರತಿ ಲೋಟಕ್ಕೂ ಮುನ್ನ ಮಾತಾಡಿ ಕುಡಿಸುವ ಯಜಮಾನ, ಆಗಿ ನಿಂತದ್ದು ಹುಡುಗನ ಚಿಕ್ಕಪ್ಪ ಗುರಾಮ್. ತಮದಾ ಮಾತು ಮುಗಿಸುವವರೆಗೆ ಯಾರೂ ಕುಡಿಯುವಂತಿಲ್ಲ, ಮುಗಿಸಿದ ಮೇಲೆ ಯಾರೂ ಕುಡಿಯದೆ ಇರುವಂತಿಲ್ಲ. ಶಾಂತಿಗೆ ಒಂದು ಲೋಟ ವೈನು, ವಧೂವರರಿಗೆ ಒಂದು, ತಾಯಂದಿರಿಗೆ ಒಂದು. ಪ್ರತಿ ಸಲವೂ ಎಲ್ಗುಜಾ ಎದ್ದು, ಎಡಗೈಯ ಲೋಟ ತನ್ನದೆಂದು, ಬಲಗೈಯದು ಮಿರಿಯಾನ್‌ನದೆಂದು ಘೋಷಿಸಿ ಎರಡನ್ನೂ ಖಾಲಿ ಮಾಡುತ್ತಿದ್ದ. ಖಚಾಪುರಿ ರೊಟ್ಟಿಯೊಳಗಿನ ಚೀಸು ನನ್ನ ಗಲ್ಲದಿಂದ ಇಳಿಯುತ್ತಿದ್ದುದನ್ನು ಹುಡುಗ ನೋಡಿದ ನೋಟಕ್ಕೆ ನಾಚಿಕೆಯಾಗಬೇಕಿತ್ತು. ನಾನು ಇನ್ನೊಂದು ತುಂಡು ಹಾಕಿಸಿಕೊಂಡೆ.

ಆಮೇಲೆ ಗುರಾಮ್ ದನಿ ತಗ್ಗಿಸಿದ. "ಇವತ್ತು ಇಲ್ಲಿ ನಿಂತು ಮಾತಾಡಬೇಕಾಗಿದ್ದವನು ನಾನಲ್ಲ. ನಮ್ಮಣ್ಣ ರೇವಾಜ್."

ಎಲ್ಲರೂ ಎದ್ದರು. ರೇವಾಜ್ ಮಿರಿಯಾನ್‌ನ ಅಪ್ಪ. ಬಸ್ ಓಡಿಸುತ್ತಿದ್ದ, ತೀರಿಕೊಂಡು ಎರಡು ವರ್ಷವಾಗಿತ್ತು. ಗುರಾಮ್ ಎಲ್ಗುಜಾನ ಕಡೆ ತಿರುಗಿದ.

"ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಇದೊಂದನ್ನ ನೀವು ಕುಡಿಯೋ ಹಾಗಿಲ್ಲ. ಅಪ್ಪನ ಲೋಟ, ಮಗನೇ ಕುಡೀಬೇಕು."

"ನಾನು ಕೇಳಿದ್ನಾ?" ಎಂದ ಎಲ್ಗುಜಾ. ಆಗಲೇ ನಾನು ಗಮನಿಸಿದ್ದು, ಈ ಸಲ ಅವನ ಕೈಯಲ್ಲಿ ಇದ್ದದ್ದು ಒಂದೇ ಲೋಟ.

ಮಿರಿಯಾನ್ ಮುಂದಿದ್ದ ತುಂಬಿದ ಲೋಟ ನೋಡಿದ, ಮೇಷ್ಟ್ರನ್ನು ನೋಡಿದ. ಹದಿನಾರು ವರ್ಷದ ಚಟ, ನನ್ನ ಕಣ್ಣು ಲೋಟವನ್ನು ತೂಗಿತು. ಇನ್ನೂರು ಗ್ರಾಂ.

"ಏನು ನೋಡ್ತೀಯಾ? ಕುಡಿ. ನಿಧಾನಕ್ಕೆ," ಎಂದ ಎಲ್ಗುಜಾ.

ಹುಡುಗ ರೊಟ್ಟಿಯ ಮೇಲೆ ಅಪ್ಪನಿಗೆಂದು ನಾಲ್ಕು ಹನಿ ಚೆಲ್ಲಿ, ಉಳಿದದ್ದನ್ನು ತಳದವರೆಗೂ ಕುಡಿದ. ಕಣ್ಣಲ್ಲಿ ನೀರು ಬಂತು. ತೂಕದ ದೃಷ್ಟಿಯಿಂದ ಅದೂ ಲಾಭವೇ ಎಂದು ನಾನು ಮನಸ್ಸಿನಲ್ಲೇ ಜೋಕು ಮಾಡಿಕೊಂಡು, ಕರವಸ್ತ್ರ ಹುಡುಕಿದೆ. ಹುಡುಕಿದ್ದು ಚೀಸು ಒರೆಸಲು ಎಂದು ಇಟ್ಟುಕೊಳ್ಳಿ.

ಭಾನುವಾರ ಬೆಳಿಗ್ಗೆ ಏಳಕ್ಕೆ ಮಿರಿಯಾನ್ ಯಂತ್ರ ಹತ್ತಿದ. 65.05.

"ಐವತ್ತು ಗ್ರಾಂ," ಎಂದೆ. ಉಪದೇಶ ಬರಲಿಲ್ಲ. "ಏಳೂವರೆಗೆ ಬಾಗಿಲು ಹಾಕ್ತೀನಿ. ಅಷ್ಟರೊಳಗೆ ಎಷ್ಟು ಸಲ ಬೇಕಾದ್ರೂ ಹತ್ತಬಹುದು."

ಎಲ್ಗುಜಾ ಕಣ್ಣು ಕಿರಿದು ಮಾಡಿದ. "ಅಜ್ಜಿ ಏನು ಕೊಟ್ರೋ?"

"ಏನೂ ಇಲ್ಲ ಮೇಷ್ಟ್ರೇ. ಜೇನಲ್ಲಿ ಹುರಿದ ಅಕ್ರೋಟು. ಒಂದೇ ಒಂದು ಚೂರು."

"ಒಂದಾ?"

"...ನಾಲ್ಕು. ನಾನೇನು ಮಾಡ್ಲಿ? ಜೇಬಿಗೇ ತುರುಕಿದ್ರು."

ಎಲ್ಗುಜಾ ಜೇಬಿನಿಂದ ನಿಂಬೆಹಣ್ಣು ತೆಗೆದು ಎರಡು ಹೋಳು ಮಾಡಿದ. ಹುಡುಗನ ಕೈಗೆ ಖಾಲಿ ಬಾಟಲಿ ಕೊಟ್ಟು ಎದುರಿಗೆ ಕೂತು, ಸೊರ್ ಸೊರ್ ಎಂದು ರಸ ಹೀರತೊಡಗಿದ. ಮುಖ ಕಿವುಚಿದ, ಚಪ್ಪರಿಸಿದ, ಮತ್ತೆ ಹೀರಿದ. ಒಣಗಿ ಮರಳಾಗಿದ್ದ ಹುಡುಗನ ಬಾಯಲ್ಲಿ ನೀರೂರಿತು. ಅವನು ಬಾಟಲಿಗೆ ಉಗುಳಿದ. ನನ್ನ ಬಾಯಲ್ಲೂ ಊರಿತು, ನಾನು ಯಾವ ವಿಭಾಗದಲ್ಲೂ ಇರದ ಕಾರಣ ನುಂಗಿದೆ. ಮೂರನೇ ನಿಂಬೆಹಣ್ಣಿನ ಹೊತ್ತಿಗೆ ಏಳು ಇಪ್ಪತ್ತೇಳು. ಮಿರಿಯಾನ್ ಮತ್ತೆ ಹತ್ತಿದ. ಅಂಕಿ 65.05ಕ್ಕೂ 65.00ಕ್ಕೂ ನಡುವೆ ತೂಗಾಡಿ, ಕೊನೆಗೆ ಕೆಳಗೆ ನಿಂತಿತು. ನಾನು ಬರೆದುಕೊಂಡೆ. ಎರಡೂ ಸೊನ್ನೆಗಳನ್ನು ದಪ್ಪಗೆ ತಿದ್ದಿದೆ.

ಮಧ್ಯಾಹ್ನದ ಹೊತ್ತಿಗೆ ಅವನು ನಾಲ್ಕು ಪಂದ್ಯ ಆಡಿ ಮೂರು ಗೆದ್ದ. ಫೈನಲ್‌ನಲ್ಲಿ ಒಂದು ಅಂಕಕ್ಕೆ ಸೋತ. ಎರಡನೇ ಸ್ಥಾನ, ತ್ಬಿಲಿಸಿಗೆ ಟಿಕೆಟ್. ಅಂಗಣದ ನಡುವೆ ಅಜ್ಜಿ ಅಗ್ರಪೀನಾ ಅವನ ಬಾಯಿಗೆ ನಿನ್ನೆಯ ಹಂದಿಮರಿ ತುರುಕುತ್ತಿದ್ದರು, ಈಗ ತಡೆಯುವವರು ಯಾರೂ ಇರಲಿಲ್ಲ. ಎಲ್ಗುಜಾ ಬೆಂಚಿನ ಮೇಲೆ ಹೊಟ್ಟೆ ನೀವಿಕೊಳ್ಳುತ್ತಾ ಕೂತಿದ್ದ. ಪಕ್ಕ ಹೋಗಿ ಕೂತೆ. ಬೆಂಚು ಕಿರುಗುಟ್ಟಿತು.

"ಆ ಇನ್ನೂರು ಗ್ರಾಂ ರೇವಾಜನ ಲೋಟಕ್ಕೇ ಅಂತ ಗುರುವಾರವೇ ಎತ್ತಿಟ್ಟಿದ್ದೆ ತಾನೇ? ಹುಡುಗ ಮೂರು ದಿನ ನಿನ್ನ ಬೈಕೊಂಡು ಓಡಿದ. ಅವನಿಗೆ ಒಂದು ಮಾತು ಹೇಳಬಾರದಿತ್ತೇನೋ?"

ಎಲ್ಗುಜಾ ಅಂಗಣದಿಂದ ಕಣ್ಣು ತೆಗೆಯಲಿಲ್ಲ.

"ಹೇಳಿದ್ರೆ ಎರಡು ಲೋಟ ಕುಡೀತಿದ್ದ."